ನೂರಾ ಅರವತ್ತೆರಡು

ವಾಲ್ಪರೈಸೊದ ಗುಡ್ಡದ ಲಿಫ್ಟು ಕೆಟ್ಟು
ಎರಡು ವರ್ಷ ನಿಂತೇಬಿಟ್ಟಿತ್ತು.
ಬಂದರಿನ ಕ್ರೇನಿನಲ್ಲಿ ಕೂತೇ
ಮೂವತ್ತು ವರ್ಷ ಭಾರ ಎತ್ತಿದ ಫರ್ಮಿನ್
ಅರವತ್ತೇಳರಲ್ಲಿ ತನ್ನನ್ನೇ ಎತ್ತಿಕೊಂಡು ಹತ್ತಬೇಕಾಯಿತು
ನೂರಾ ಅರವತ್ತೆರಡು ಮೆಟ್ಟಿಲು.

ಮೊದಮೊದಲು ನಲವತ್ತಕ್ಕೇ ಏದುಸಿರು.
ಮೀನಿನ ಚೀಲ ಕೆಳಗಿಟ್ಟು
ಮೇಯರನಿಗೊಂದು, ಮಂಡಿಗೊಂದು ಬೈಗುಳ.
ಬೆಕ್ಕು ಮಾತ್ರ ಕೇಳಿಸಿಕೊಂಡಿತು.

ಆಮೇಲೆ ಯಾವಾಗಲೋ
ಎಪ್ಪತ್ತಾಯಿತು, ನೂರಾಯಿತು.
ಒಂದು ದಿನ ಎಣಿಸುವುದನ್ನೇ ಮರೆತು
ಬಾಗಿಲಲ್ಲಿ ನಿಂತಿದ್ದ.
"ಇಷ್ಟು ಬೇಗ?" ಎಂದಳು ಒಟಿಲಿಯಾ;
ಆಲೂಗಡ್ಡೆ ಇನ್ನೂ ಸಿಪ್ಪೆಯಲ್ಲೇ ಇತ್ತು.

ನಿನ್ನೆ ಲಿಫ್ಟು ಸರಿಹೋಯಿತು, ಹೊಸ ಹಳದಿ ಬಣ್ಣ.
ಸಾಲಿನಲ್ಲಿ ನಿಂತ. ನಾಣ್ಯ ತೆಗೆದ.
ಮಂಡಿ ಏನೋ ಗೊಣಗಿತು,
ಬೇಡವೆಂದೋ, ಬೇಕೆಂದೋ.

ಆ ನಾಣ್ಯಕ್ಕೊಂದು ನಿಂಬೆಹಣ್ಣು ಕೊಂಡು
ಮೀನಿನ ಜೊತೆಗಿಟ್ಟು
ಮೊದಲ ಮೆಟ್ಟಿಲಿಗೆ ಕಾಲಿಟ್ಟ.
ಬೆಕ್ಕು ಎದ್ದು ದಾರಿ ಬಿಟ್ಟಿತು.