ಕಲೆಯ ಅಳತೆ

ಮಳೆಗಾಲದಲ್ಲಿ ಬಂದಿದ್ದರೆ ಮಳೆಯ ಮೇಲೆ ಹಾಕಿ ಸುಮ್ಮನಿರುತ್ತಿದ್ದೆ.
ಇದು ಬಂದದ್ದು ಮಾರ್ಚಿನಲ್ಲಿ,
ದುರ್ಗಿಗುಡಿಯ ಟಾರು ಚಪ್ಪಲಿಗೆ ಅಂಟುವ ದಿನಗಳಲ್ಲಿ,
ಹೊಲಿಗೆ ಮಿಶನ್ನಿನ ನೆತ್ತಿಗೆ ಸರಿಯಾಗಿ
ಸೀಲಿಂಗಿನಲ್ಲೊಂದು ಚಹಾ ಬಣ್ಣದ ಉಂಗುರ.

ಓನರು ರುದ್ರೋಜಿರಾಯರು ಕುತ್ತಿಗೆ ಎತ್ತಿ ನೋಡಿ
"ಹೋದ ವರ್ಷದ ಮಳೆ ಕಣಮ್ಮ, ಈಗ ಇಳೀತಿದೆ" ಅಂದರು,
ಮಳೆಗೂ ಒಂದು ಬಾಕಿ ಪುಸ್ತಕ ಇದ್ದ ಹಾಗೆ.
ಹಾಲೇಶಿ ಬಂದ, ಡಿಸ್ಟೆಂಪರ್ ಬಳಿದ, ಚಹಾ ಕುಡಿದು ಹೋದ.
ಹದಿನೈದು ದಿನ ಬೆಳ್ಳಗಿತ್ತು.
ಆಮೇಲೆ ಕೆನೆಯ ಕೆಳಗಿಂದ ಕಾಫಿ ಮೇಲೇಳುವ ಹಾಗೆ
ಅದೇ ಉಂಗುರ, ಸುತ್ತ ಇನ್ನೊಂದು.
ಮತ್ತೆ ಬಳಿದ. ಮತ್ತೆ ಬಂತು.
ಮೂರನೇ ಸಲ ಅವನೇ ನಾಚಿಕೊಂಡು ಅರ್ಧ ಕೂಲಿ ತಗೊಂಡ.

ನಾನು ಅಳತೆಯವಳು.
ಬಾಯಲ್ಲಿ ಹೇಳಿದ ಸೊಂಟವನ್ನು ಯಾವತ್ತೂ ನಂಬಿದವಳಲ್ಲ.
ಸ್ಟೂಲಿನ ಮೇಲೆ ಸ್ಟೂಲಿಟ್ಟು ಹತ್ತಿ
ಗುರುತಿನ ಕೆಂಪು ಚಾಕ್‌ಪೀಸಿನಿಂದ ಕಲೆಯ ಅಂಚಿಗೆ ಗೆರೆ ಎಳೆದೆ,
ಪಕ್ಕಕ್ಕೆ ತಾರೀಖು.
ಸೋಮವಾರ ಹನ್ನೊಂದು ಇಂಚು. ಮಂಗಳವಾರ ಹನ್ನೊಂದೇ. ಶನಿವಾರದ ತನಕ ಹನ್ನೊಂದೇ.
ಭಾನುವಾರ ಮಧ್ಯಾಹ್ನ ಗೆರೆ ದಾಟಿ ಹನ್ನೆರಡೂವರೆ.
ರವಿಕೆಯಾದರೆ ಒಳಗೆ ಬಟ್ಟೆ ಬಿಟ್ಟಿರುತ್ತೇನೆ, ಬಿಚ್ಚಿ ಕೊಡಬಹುದು,
ಇದಕ್ಕೆ ಯಾರು ಬಿಟ್ಟರು ಇಷ್ಟೊಂದು ಅಂಚು?

ನಾಲ್ಕು ಭಾನುವಾರ ಹೀಗೇ ಬೆಳೆದ ಮೇಲೆ
ಮೇಲಿನ ಮನೆಯ ಸಿಲ್ವಿಯಾ ಟೀಚರ ಬಾಗಿಲು ತಟ್ಟಿದೆ.
"ಭಾನುವಾರ ಏನು ಮಾಡ್ತೀರ ಟೀಚರೇ?"
"ಚರ್ಚು" ಅಂದರು, ಹುಬ್ಬು ಗಂಟಿಕ್ಕಿ.
"ಅದಕ್ಕೂ ಮೊದಲು?"
"ಮೂರೂ ಮಕ್ಕಳಿಗೆ ತಲೆಗೆ ಎಣ್ಣೆ, ನೀರು. ಯಾಕೆ?"

ಪ್ಲಂಬರ್ ದಸ್ತಗೀರ್ ಬಂದು ಪೈಪುಗಳನ್ನೆಲ್ಲ ಅಂಗೈಯಿಂದ ಸವರಿದ.
"ನಲ್ಲಿ ನೀರಾದರೆ ಹಗಲೂ ರಾತ್ರಿ ಸೋರತ್ತೆ,
ವಾರಕ್ಕೆ ಆರು ದಿನ ರಜೆ ತಗೊಳ್ಳಲ್ಲ.
ಇದು ಹೋಗೋ ನೀರಿನ ಕೆಲಸ, ಬರೋ ನೀರಿನದ್ದಲ್ಲ."

ಬಟ್ಟೆಗೆ ಹಾಕುವ ನೀಲಿ, ಅರ್ಧ ಬಾಟಲಿ,
ಬಚ್ಚಲ ಜಾಲರಿಗೆ ಸುರಿದು ಆರು ಬಕೆಟ್ ನೀರು ಹುಯ್ದೆವು.
ಕೆಳಗೆ ಓಡಿಬಂದು ನಾನು, ಟೀಚರು, ದಸ್ತಗೀರ್,
ಲಂಗದ ಅಳತೆಗೆ ಬಂದಿದ್ದ ಹುಡುಗಿಯೊಬ್ಬಳು,
ನಾಲ್ವರೂ ಬಾಯಿ ತೆರೆದು ಮೇಲೆ ನೋಡುತ್ತ ನಿಂತೆವು.
ಇಪ್ಪತ್ತು ನಿಮಿಷ ಏನೂ ಇಲ್ಲ. ಹುಡುಗಿ ಹೋದಳು.
ಆಮೇಲೆ ಕಂದು ಉಂಗುರದ ನಡುವೆ
ನವಿಲುಗರಿಯ ಕಣ್ಣು ತೆರೆದ ಹಾಗೆ ನೀಲಿ.
"ಅಯ್ಯೋ, ನಮ್ಮದೇ" ಅಂದರು ಟೀಚರು.

ಟೈಲ್ಸು ಒಡೆದರು. ಜಾಲರಿಯ ಕೆಳಗೆ, ಪೈಪು ಟ್ರ್ಯಾಪಿಗೆ ಸೇರುವ ಕಡೆ
ಸಿಮೆಂಟು ಬಿಟ್ಟು ಬೆರಳು ಹೋಗುವಷ್ಟು ಸಂದು,
ಸಂದಿಗೆ ಯಾರೋ ತುರುಕಿದ್ದ ಬಟ್ಟೆಯುಂಡೆ.
ಕೊಕ್ಕೆಯಿಂದ ಎಳೆದು ಬಕೆಟ್ಟಿಗೆ ಎಸೆದ.
ಕೊಳೆತು ಕಪ್ಪಾಗಿತ್ತು, ಆದರೂ ಗುರುತು ಸಿಕ್ಕಿತು:
ಹಲ್ಲುಕತ್ತರಿಯ ಅಂಕುಡೊಂಕು ಅಂಚು, ಅರಿಶಿನ ಬಣ್ಣದ ಲೈನಿಂಗು.
ಆರು ವರ್ಷದ ಹಿಂದೆ ಈ ಬಚ್ಚಲು ಕಟ್ಟುವಾಗ
ಮೇಸ್ತ್ರಿಯೊಬ್ಬ ಇಳಿದು ಬಂದು "ಒಂದು ಹಿಡಿ ಚಿಂದಿ ಕೊಡಿ ಅಕ್ಕ" ಅಂದಿದ್ದ.
ಎರಡು ಹಿಡಿ ಕೊಟ್ಟಿದ್ದೆ.
ಆ ಮಾತನ್ನು ಅಲ್ಲಿ ಯಾರಿಗೂ ಹೇಳಲಿಲ್ಲ.
ಖರ್ಚಿನಲ್ಲಿ ಒಂದು ಪಾಲು ನನ್ನದೂ ಇರಲಿ ಅಂದೆ.
"ನಿಮಗ್ಯಾಕಮ್ಮ" ಅಂದರು ರಾಯರು. ಬೇಡ ಅನ್ನಲಿಲ್ಲ.

ಹೊಸ ಟ್ರ್ಯಾಪು, ಹೊಸ ಜಾಯಿಂಟು, ನೀರು ತಡೆಯುವ ಲೇಪ ಎರಡು ಸುತ್ತು.
ಎರಡು ದಿನ ಬಚ್ಚಲ ತುಂಬ ನೀರು ಕಟ್ಟಿ ನಿಲ್ಲಿಸಿ ನೋಡಿದೆವು.
ಆ ಭಾನುವಾರ ಮೂರೂ ಮಕ್ಕಳು ನನ್ನ ಮನೆಯಲ್ಲಿ ಮಿಂದರು,
ನೆಲದ ಎಣ್ಣೆ ಜಿಡ್ಡು ನಾನೇ ಉಜ್ಜಿದೆ.

ಒಣಗಲು ಬಿಡಬೇಕು ಅಂದ ಹಾಲೇಶಿ, ಈ ಸಲ.
ಮೂರು ವಾರ ಫ್ಯಾನು ಓಡಿತು.
ನೀರಿನ ಬಣ್ಣ ಬಳಿದರೆ ಕಲೆ ಅದರಲ್ಲೇ ಕರಗಿ ಮೇಲೆ ಬರುತ್ತದಂತೆ,
ಮೊದಲು ಎಣ್ಣೆ ಪ್ರೈಮರು, ಆಮೇಲೆ ಬಿಳಿ.
ಮೂರು ಸಲ ಕೂಲಿ ತಗೊಳ್ಳುವಾಗ ಯಾಕೆ ಹೇಳಲಿಲ್ಲ ಅಂದೆ.
"ನೀವು ಕಲೆ ಮುಚ್ಚು ಅಂದ್ರಿ" ಅಂದ.

ಈಗ ಭಾನುವಾರ ಮೇಲೆ ಬಕೆಟ್ಟಿನ ಸದ್ದು, ಕಿರಿಯವನ ಅಳು,
ಸೀಗೆಪುಡಿ ಕಣ್ಣಿಗೆ ಹೋಗಿರಬೇಕು.
ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕತ್ತೆತ್ತುತ್ತೇನೆ.
ಬೆಳ್ಳಗೇ ಇದೆ.
ಚಿಂದಿ ಕೇಳಿ ಬಂದವರನ್ನು ಮಾತ್ರ
ಯಾತಕ್ಕೆ ಅಂತ ಕೇಳದೆ ಕಳಿಸುವುದಿಲ್ಲ.