ಸೋಮವಾರದ ಸಾಲಿ

ಮಗಳು ಶಮಶಾದಂದು ಈ ವರ್ಷ ಎಂಟನೆತ್ತ.
ನಮ್ಮೂರ ಸಾಲಿ ಏಳಕ್ಕ ಮುಗೀತೈತಿ.
ಮುಂದ ಮೂರು ದಾರಿ, ಮೂರೂ ಸರಕಾರದ್ದು:
ಮುಳ್ಳಗೇರಿ, ಕರೇಬೂದನಾಳ, ಕವಳಿಹಾಳ.

ಮೂರೂ ಊರಾಗ ಗಾದಿ ಹಿಂಜಿದಾಂವ ನಾನು.
ಯಾರ ಮನಿ ತೆಲಿದಿಂಬು ಎಷ್ಟು ಗಂಟು ಕಟ್ಟೈತಿ,
ಯಾರು ಹಳೇ ಅರಳಿಗೆ ಹೊಸಾ ಖೋಳ ಹಾಕಿ
ಮಗಳ ಲಗ್ನಕ್ಕ ಕೊಟ್ಟಾರ, ಎಲ್ಲಾ ಗೊತ್ತು.
ಸಾಲಿ ಹೆಂಗ ನೋಡೂದು, ಅದು ಗೊತ್ತಿಲ್ಲ.

ಹೇಣ್ತಿ ಅಂದ್ಲು, ಹೊಲಿಗಿ ಬಿಚ್ಚಿ
ಒಳಗ ಕೈ ಹಾಕಿ ನೋಡ್ತೀರಲ್ಲ,
ಹಂಗ ನೋಡಿ ಬರ್ರಿ.

ಮುಳ್ಳಗೇರ್ಯಾಗ ಸಾಲಿ ಗ್ವಾಡಿಗೆ ರೈಲಿನ ಬಣ್ಣ,
ಕಿಡಕ್ಯಾಗ ಬಣ್ಣದ ಮಂದಿ ಕುಂತಾರ, ಎತ್ತ ಹೊಂಟಾರೋ.
ಕಂಪ್ಯೂಟರ್ ಖೋಲಿಗೆ ಕೀಲಿ,
ಕೀಲಿ ಹೆಡ್‌ಮಾಸ್ತರ ಕಿಸೇದಾಗ,
ಹೆಡ್‌ಮಾಸ್ತರು ಗದಗಿನ ಮೀಟಿಂಗಿನ್ಯಾಗ.
ಹೆಣ್ಣುಡುಗೂರ ಪಾಯಖಾನಿ ಐತಿ.
ಒಳಗ ಹೋಗಿ ನಳಾ ತಿರುವಿದೆ, ನೀರು ಬಂತು.
ಸಿಪಾಯಿ ಓಡಿ ಬಂದ, ಏನೋ ಸಾಬಾ, ಇಲ್ಲೇನ ಕೆಲಸ ನಿಂದು?
ಮಗಳ ಸಲುವಾಗಿ, ಅಂದೆ.
ಸುಮ್ಮನ ನಿಂತ. ಆಮ್ಯಾಲ ತಾನೂ ಒಂದು ನಳಾ ತಿರುವಿ ತೋರಿಸಿದ.

ಕರೇಬೂದನಾಳ ಬಸ್ ಸ್ಟ್ಯಾಂಡಿನ್ಯಾಗ ಬ್ಯಾನರು:
ಹತ್ತನೆತ್ತ, ನೂರಕ್ಕ ನೂರು ಪಾಸು.
ಪರೀಕ್ಷಾಕ್ಕ ಕುಂತವರು ಎಷ್ಟು ಮಂದಿ? ಕೇಳಿದೆ.
ಹನ್ನೊಂದು, ಅಂದ ಚಾದಂಗಡಿ ಮುದಕಪ್ಪ,
ಅದರಾಗ ನನ್ನ ಮೊಮ್ಮಗಳೂ ಒಬ್ಬಾಕಿ.
ಹಂಗಂದವನ ಇನ್ನರ್ಧಾ ಚಾ ಹಾಕಿದ, ರೊಕ್ಕ ಮುಟ್ಟಲಿಲ್ಲ.
ಹೋಗೂ ಬಸ್ಸು ಮುಂಜಾನೆ ಒಂಬತ್ತಕ್ಕ.
ಬರೂ ಬಸ್ಸು ಡ್ರೈವರನ ಮನಸು.

ಕವಳಿಹಾಳದಾಗ ಹಂಚು ಒಡದಾವು.
ಹಳ್ಳ ಬಂದ್ರ ಎರಡು ದಿನ ಸಾಲಿ ಇಲ್ಲ.
ಲೈಬ್ರರಿ ಅಂದ್ರ ವರಾಂಡದಾಗ ಒಂದು ಕಬ್ಬಿಣದ ಕಪಾಟು,
ಅದರದೊಂದು ಬಾಗಿಲ ಹಿಡಿ ಇಲ್ಲ, ಹಗ್ಗ ಕಟ್ಟ್ಯಾರ.
ಆದ್ರ ತೆರದಿತ್ತು.
ಮುಂದ ಒಂದು ಹುಡುಗಿ ನೆಲಕ್ಕ ಕುಂತು ಓದಾಕ ಹತ್ತಿತ್ತು,
ಎರಡೆರಡು ಸಲ ಕೆಮ್ಮಿದೆ, ತಲಿ ಎತ್ತಲಿಲ್ಲ.

ಮೂರೂ ಕಡೆ ಒಂದು ಮಾತು ಕೇಳಿದ್ದೆ,
ಲೆಕ್ಕಕ್ಕ ಯಾರ ಮಾಸ್ತರು?
ಮುಳ್ಳಗೇರ್ಯಾಗ ಅಂದ್ರು, ಕಂಠಿ ಸರ್.
ಕರೇಬೂದನಾಳದಾಗ, ಕಂಠಿ ಸರ್.
ಕವಳಿಹಾಳದ ಹುಡುಗಿ ಹಾಳಿ ತಿರುವಿಕೋತ, ಕಂಠಿ ಸರ್ರು.
ಅಣ್ಣತಮ್ಮರು ಇರಬೇಕು ಅಂತ ತಿಳಕೊಂಡೆ.

ಒಬ್ಬನ ಮನಷ್ಯಾ. ಒಂದ ಮೋಟಾರ್‌ಸೈಕಲ್.
ಉಳಿದ ಎರಡು ಜಾಗಾ ಖಾಲಿ ಬಿದ್ದು ಆರು ವರ್ಷಾತು.
ಸೋಮವಾರ ಮಂಗಳವಾರ ಮುಳ್ಳಗೇರಿ,
ಬುಧವಾರ ಗುರುವಾರ ಕರೇಬೂದನಾಳ,
ಶುಕ್ರವಾರ, ಶನಿವಾರ ಮುಂಜಾನೆ ಕವಳಿಹಾಳ.

ಲಕ್ಷ್ಮೇಶ್ವರದಾಗ ಅವರ ಬಾಡಿಗಿ ಮನಿ.
ಗಾದಿ ಹಿಂಜಾಕ ಕರದಿದ್ರು.
ಹೊಲಿಗಿ ಬಿಚ್ಚಿದೆ. ಅರಳ್ಯಾಗ ಖಡುವಿನ ಪುಡಿ,
ಒಂದು ಬಸ್ಸಿನ ಟಿಕೀಟು, ಮುರದ ಕಂಪಾಸಿನ ಕಾಲು.
ಬಿಲ್ಲಿಗೆ ಹೆದಿ ಬಿಗಿಕೋತ ಕೇಳಿದೆ,
ಸರ್, ಮೂರರಾಗ ಯಾವ ಸಾಲಿ ಛಲೋ?

ಉಪ್ಪುನೀರಿಂದ ಗಂಟಲ ಮುಕ್ಕಳಿಸಿ ಬಂದು,
ಸೋಮವಾರದ್ದು, ಅಂದ್ರು.
ಸೋಮವಾರ ನನಗ ದನಿ ಇರತೈತಿ.
ಶನಿವಾರ ಬರೇ ಬೋರ್ಡಿನ ಮ್ಯಾಲ ಬರೀತೀನಿ.

ಮನಿಗೆ ಬಂದು ಎಲ್ಲಾ ಹೇಳಿದೆ.
ಹೇಣ್ತಿ ನಳದ ಮಾತು ಹಿಡದು, ಮುಳ್ಳಗೇರಿ ಅಂದ್ಲು.
ನಾ ದನಿಯ ಮಾತು ಹಿಡದು, ಮುಳ್ಳಗೇರಿ ಅಂದೆ.
ಶಮಶಾದ ರೊಟ್ಟಿ ಮುರಕೋತ ಕೇಳ್ತು,
ಆ ಕಪಾಟಿಗೆ ಖರೇನ ಕೀಲಿ ಇರಲಿಲ್ಲೇನಪ್ಪಾ?
ಇರಲಿಲ್ಲ.
ಸರ್ರು ಬರೀತಾರಲ್ಲ, ಅಂತು,
ಬರದದ್ದು ನಾ ಓದ್ತೀನಿ.

ನಾಳೆ ಶನಿವಾರ.
ಕವಳಿಹಾಳಕ್ಕ ಎರಡು ತೆಲಿದಿಂಬು ಮುಟ್ಟಿಸೂದೈತಿ.
ಸಾಲಿ ಹಿಂದಿನ ಕಿಡಕಿಗೆ ಸೈಕಲ್ ಆನಿಸಿ
ಒಂದು ತಾಸು ನಿಂದರತೀನಿ.
ಮಾತಿಲ್ಲದ ಖೋಲ್ಯಾಗ ಖಡು ಹೆಂಗ ಸಪ್ಪಳ ಮಾಡತೈತಿ,
ಕೇಳಬೇಕು.