ಆರು ಮಿಲಿಮೀಟರ್

ಬ್ಯಾಂಕಿನ ಗಾಜಿಗೆ ಉಕ್ಕಿನ ತಗಡು ಹೊದಿಸಿದವನು ನಾನೇ,
ನಖ್ಲೆ, ಬಂದರಿನ ಹಿಂದಿನ ಓಣಿಯ ವೆಲ್ಡರ್.
ದೋಣಿಯ ತಳ ಬೆಸೆದು ಬೆಸೆದು ಪಳಗಿದ ಕೈ.
ದೋಣಿಯಾದರೆ ನೀರು ಒಳಗೆ ಬರಬಾರದು,
ಇಲ್ಲಿ ನಾವು ಬರಬಾರದು.
ಕೆಲಸ ಒಂದೇ.

ಟ್ರಿಪೊಲಿಯಲ್ಲಿ ಆ ವರ್ಷ ನಮ್ಮ ಮನೆಗೆ ಎರಡೂವರೆ ಆಂಪಿಯರ್ ಕರೆಂಟು,
ಜನರೇಟರಿನ ಅಬು ಶಾಹೀನನ ಕೃಪೆ.
ಫ್ರಿಜ್ಜು ಹಾಕಿದರೆ ಫ್ಯಾನು ನಿಲ್ಲಬೇಕು.
ನನ್ನ ಯಂತ್ರಕ್ಕೋ ಇಡೀ ಓಣಿಯಷ್ಟು ಹಸಿವು.
"ನಮ್ಮ ಜನರೇಟರಿಂದ ತಗೋ," ಅಂದ ಮ್ಯಾನೇಜರ್.
ಕಿಡಿ ಹಾರಿತು. ಬೀದಿಗೆಲ್ಲ ಅದೊಂದೇ ಬೆಳಕು.
ನೋಡಲು ಮಕ್ಕಳು ಓಡಿ ಬಂದವು,
ಕಣ್ಣು ಮುಚ್ಚಿಕೊಳ್ಳಿ ಅಂತ ಗದರಿದೆ.

ಒಳಗೆ ನನ್ನದೂ ಇದೆ.
ಹನ್ನೊಂದು ಸಾವಿರದ ನಾನೂರು ಡಾಲರ್,
ಅಂದರೆ ಹತ್ತೊಂಬತ್ತು ವರ್ಷದ ದೋಣಿಗಳು.
ಒಳಗಿರುವ ಡಾಲರ್ ಈಗ ಡಾಲರಲ್ಲವಂತೆ.
ಪಾಸ್‌ಬುಕ್ಕಿನಲ್ಲಿ ನೋಡಬಹುದು, ಎಣಿಸಬಹುದು,
ಬಸ್ಸು ಹತ್ತಿಸಿ ಮನೆಗೆ ಕರಕೊಂಡು ಬರುವಂತಿಲ್ಲ.
"ಹಾಗಾದರೆ ದುಡ್ಡು ಎಲ್ಲಿ?"
ಕಾವಲಿನ ಬಹ್ಜತನನ್ನು ಕೇಳಿದೆ. ನಕ್ಕ.
ಅವನ ಸಂಬಳವೂ ಅಲ್ಲೇ.

ದೊಡ್ಡವರದ್ದು ತಂತಿಯಲ್ಲಿ ಹೋಯಿತು ಅಂತಾರೆ,
ಅಕ್ಟೋಬರಿನಲ್ಲಿ, ನಮಗೆ ಬಾಗಿಲು ಹಾಕಿದ್ದ ದಿನಗಳಲ್ಲಿ.
ತಂತಿ ನನಗೆ ಗೊತ್ತು: ತಾಮ್ರದ್ದು, ಕಬ್ಬಿಣದ್ದು, ಮಿದುವಾದ ಸೀಸದ್ದು.
ಅಂಥದ್ದೊಂದನ್ನು ಮಾತ್ರ ಇದುವರೆಗೆ ಮುಟ್ಟಿಲ್ಲ.
ಅದಕ್ಕೆ ತಗಡು ಅಡ್ಡ ಬರುವುದಿಲ್ಲ.
ಅಡ್ಡ ಬರುವುದು ಮೈಗೆ,
ಸರತಿಯಲ್ಲಿ ನಿಂತ, ಮಂಡಿ ನೋಯುವ, ಉಪ್ಪು ಬೆವರಿನ ಮೈಗೆ.

ಪ್ರತಿ ಮಂಗಳವಾರ ಹತ್ತು ಗಂಟೆಗೆ ಇನ್‌ಆಮ್ ಟೀಚರ್ ಬರುತ್ತಾರೆ.
ನನಗೆ ಆರನೇ ಕ್ಲಾಸಿನಲ್ಲಿ ಚಕ್ರಬಡ್ಡಿ ಕಲಿಸಿದವರು.
ಅಸಲು, ದರ, ಕಾಲ.
ತಪ್ಪಿದರೆ ಗೆಣ್ಣಿನ ಮೇಲೆ ಸ್ಕೇಲು.
ಅಸಲೇ ಕಾಣೆಯಾಗುವ ಲೆಕ್ಕ ಆ ಪುಸ್ತಕದಲ್ಲಿರಲಿಲ್ಲ.
ಈಗ ಅವರ ಕೈಯಲ್ಲಿ ಏಲಕ್ಕಿ ಕುಟ್ಟುವ ಹಿತ್ತಾಳೆ ಕುಟ್ಟಾಣಿ
(ಏಲಕ್ಕಿ ಕೊಂಡು ವರ್ಷವಾಯಿತು).
ನನ್ನ ತಗಡಿಗೆ ಇಪ್ಪತ್ತು ಏಟು, ಎಣಿಸಿ.
ಆಮೇಲೆ ಕನ್ನಡಕ ಒರೆಸಿಕೊಂಡು ಮನೆಗೆ.

ಮಾರ್ಚಿನಲ್ಲಿ ಮ್ಯಾನೇಜರ್ ಮತ್ತೆ ಕರೆಸಿದ.
"ತಗ್ಗು ಬಿದ್ದಿವೆ. ಉಜ್ಜಿ ಸಮ ಮಾಡು, ಬೂದು ಬಣ್ಣ ಹೊಡಿ."
ನಲವತ್ತು ಡಾಲರ್, ನೋಟಿನಲ್ಲೇ.
ಇಲ್ಲಿ ಅದಕ್ಕೆ ತಾಜಾ ಅಂತಾರೆ, ಮೀನಿಗೆ ಅಂದ ಹಾಗೆ.
ತಗೊಂಡೆ. ಸುಳ್ಳು ಯಾಕೆ,
ವಿದಾದಳ ಥೈರಾಯ್ಡ್ ಗುಳಿಗೆ ಮುಗಿದು ಎಂಟು ದಿನವಾಗಿತ್ತು.

ಅವತ್ತು ಮಂಗಳವಾರ ಅನ್ನುವುದು ಮರೆತಿತ್ತು.
ಉಜ್ಜುತ್ತಿದ್ದೆ, ಹಿಂದೆ ಬಂದು ನಿಂತರು.
"ದಪ್ಪ ಎಷ್ಟು, ನಖ್ಲೆ?"
"ಆರು ಮಿಲಿಮೀಟರ್, ಟೀಚರ್."
"ಒಂದು ಸಲ ಉಜ್ಜಿದರೆ?"
"ಕಾಲು ಹೋಗುತ್ತೆ. ಹೆಚ್ಚೆಂದರೆ."
ಕಾದರು. ಆ ಕಾಯುವುದು ನನಗೆ ಗೊತ್ತು.
"ಇಪ್ಪತ್ತನಾಲ್ಕು ಸಲ," ಅಂದೆ,
ಬೆರಳು ಹಿಂದಕ್ಕೆ ಎಳೆದುಕೊಂಡು.
"ಲೆಕ್ಕ ಸರಿ. ಪ್ರಶ್ನೆ ಪೂರ್ತಿ ಓದಲಿಲ್ಲ ನೀನು.
ಆಮೇಲೆ ಬರುವ ಹೊಸ ತಗಡಿಗೆ
ದುಡ್ಡು ಯಾರದು?"

ಗ್ರೈಂಡರ್ ಇನ್ನೂ ಸುತ್ತುತ್ತಿತ್ತು, ಅವರ ಜನರೇಟರಿನಲ್ಲಿ,
ಅಥವಾ ನಮ್ಮದರಲ್ಲಿ.
ಆರಿಸಿದೆ.
ಏಣಿ ಸರಿಸಿ ಜಾಗ ಬಿಟ್ಟೆ.
ಇಪ್ಪತ್ತು ಏಟು. ನಾನೂ ಎಣಿಸಿದೆ.
ಹದಿನೇಳನೆಯದಕ್ಕೆ ಬಹ್ಜತ್ ಒಳಗಿನಿಂದ ಕಿಂಡಿ ತೆರೆದು
ಇಬ್ಬರನ್ನೂ ನೋಡಿ,
ಮುಚ್ಚಿಕೊಂಡ.